ರ‍್ಯಾಂಗ್ಲರ್ ಜೆಕೆ ಹಿಂಬದಿ ಸ್ಪೀಕರ್: ಬಿಚ್ಚುವುದರಿಂದ ಟ್ಯೂನಿಂಗ್‌ವರೆಗೆ ಸಮಗ್ರ ಮಾರ್ಗದರ್ಶಿ

ಜೀಪ್ ರ‍್ಯಾಂಗ್ಲರ್ ಜೆಕೆಯ ಹಿಂಬದಿ ಸ್ಪೀಕರ್ ಬಾಗಿಲಲ್ಲಿಲ್ಲ, ಹಿಂದಿನ ಪಾರ್ಸೆಲ್ ಟ್ರೇಯಲ್ಲೂ ಇಲ್ಲ. ಈ ಗಾಡಿಯ ಬಾಗಿಲು ಕಳಚಿಡಬಹುದು, ಚಾವಣಿಯನ್ನೂ ತೆಗೆದಿಡಬಹುದು. ಹಾಗಾಗಿ ಮುಂದಿನ ಸೀಟಿನವರ ತಲೆಯ ಹಿಂದೆ, ರೋಲ್ ಕೇಜಿಗೆ (ಗಾಡಿ ಮಗುಚಿದರೆ ಕಾಪಾಡುವ ಲೋಹದ ಚೌಕಟ್ಟಿಗೆ) ಅಡ್ಡಲಾಗಿ ಬಿಗಿದ ಪ್ಲಾಸ್ಟಿಕ್ ಸೌಂಡ್‌ಬಾರ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ಆರೂವರೆ ಇಂಚಿನ ಸ್ಪೀಕರ್ ಕೂರಿಸಿದ್ದಾರೆ. ಬಿಸಿಲು, ದೂಳು, ಮಳೆ ಮೂರೂ ಮೊದಲು ತಾಗುವುದು ಇವಕ್ಕೇ. ಐದಾರು ವರ್ಷ ದಾಟಿದ ಗಾಡಿಗಳಲ್ಲಿ ಕೋನ್ (ಅದುರಿ ಸದ್ದು ಹೊರಡಿಸುವ ಭಾಗ) ಸುತ್ತಲಿನ ಅಂಚು ಬಿರಿದು ಗೊರಗೊರ ಸದ್ದು ಬರುವುದು ಸಾಮಾನ್ಯ.

ಜೆಕೆ ತಲೆಮಾರು 2007ರಿಂದ 2018ರವರೆಗಿನ ಮಾಡೆಲ್ ವರ್ಷಗಳಿಗೆ ಅಮೆರಿಕದ ಒಹಾಯೊ ರಾಜ್ಯದ ಟೊಲಿಡೊದಲ್ಲಿ ತಯಾರಾಯಿತು. ಭಾರತಕ್ಕೆ 2016ರಲ್ಲಿ ಪೂರ್ತಿ ಜೋಡಿಸಿದ ಗಾಡಿಯಾಗಿಯೇ ಆಮದಾಗಿ ಬಂತು. ಬೆಂಗಳೂರಿನಲ್ಲಿ ಅಲ್ಲೊಂದು ಇಲ್ಲೊಂದು ಕಾಣಿಸುತ್ತದೆ, ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರಿಗಂತೂ ಇದು ಚಿರಪರಿಚಿತ. ಕೆಳಗಿನದೆಲ್ಲ ಜೆಕೆಗೆ ಸಂಬಂಧಿಸಿದ್ದು. 2024ರಿಂದ ಈಚಿನ ರ‍್ಯಾಂಗ್ಲರ್‌ಗಳಲ್ಲಿ ತಲೆಯ ಪಕ್ಕ ಕರ್ಟನ್ ಏರ್‌ಬ್ಯಾಗ್ ಇರುವುದರಿಂದ ಅವುಗಳ ಮೇಲ್ಭಾಗದ ಟ್ರಿಮ್ಮಿಗೆ (ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ) ಈ ವಿಧಾನದಲ್ಲಿ ಕೈಹಾಕಬೇಡಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಈ ಗಾಡಿಯಲ್ಲಿ ಸ್ಪೀಕರ್‌ನ ಬ್ರ್ಯಾಂಡಿಗಿಂತ ಅದು ಕೂರುವ ಗೂಡು ಮುಖ್ಯ. ದುಬಾರಿ ಸ್ಪೀಕರನ್ನು ಗಾಳಿ ಸೋರುವ ಗೂಡಿಗೆ ಹಾಕಿದರೆ ಹಳೆಯದಕ್ಕಿಂತ ತೆಳುವಾಗಿ ಕೇಳುತ್ತದೆ. ಮಧ್ಯಮ ಬೆಲೆಯದ್ದನ್ನು ಚೆನ್ನಾಗಿ ಸೀಲ್ ಮಾಡಿ ಕೂರಿಸಿದರೆ ಚಾವಣಿ ತೆಗೆದು ಹೋಗುವಾಗಲೂ ಹಾಡಿನ ಮಾತು ಸ್ಪಷ್ಟವಾಗಿ ಕೇಳುತ್ತದೆ.

ಕೆಟ್ಟಿರುವುದು ಸ್ಪೀಕರೇ ಹೌದೇ?

ಹೊಸದು ತರುವ ಮೊದಲು ರೇಡಿಯೊದ ಬ್ಯಾಲೆನ್ಸ್ (ಎಡ-ಬಲ) ಮತ್ತು ಫೇಡರ್ (ಮುಂದೆ-ಹಿಂದೆ) ಬಳಸಿ ಒಂದೊಂದೇ ಸ್ಪೀಕರ್ ಕೇಳಿ. ಸಣ್ಣ ವಾಲ್ಯೂಮಿನಲ್ಲೂ ಗೊರಗೊರ ಎಂದರೆ ಅಂಚು ಹರಿದಿದೆ, ಇಲ್ಲವೇ ಒಳಗಿನ ಕಾಯಿಲ್ (ತಂತಿ ಸುರುಳಿ) ಉಜ್ಜುತ್ತಿದೆ. ರಸ್ತೆಯ ಹಳ್ಳ ಹಾರಿದಾಗ ಸದ್ದು ಹೋಗಿ ಬರುತ್ತಿದ್ದರೆ ತೊಂದರೆ ಕನೆಕ್ಟರಿನದು. ಎಡ ಬಲ ಎರಡೂ ಒಟ್ಟಿಗೆ ನಿಂತಿದ್ದರೆ ಸ್ಪೀಕರ್‌ಗಿಂತ ರೇಡಿಯೊ ಅಥವಾ ಆಂಪ್ (ಸದ್ದಿನ ಪವರ್ ಹೆಚ್ಚಿಸುವ ಆಂಪ್ಲಿಫೈಯರ್) ಕಡೆ ನೋಡಿ.

ಗಾಡಿಯಲ್ಲಿ ಕಂಪನಿಯ ಪ್ರತ್ಯೇಕ ಆಂಪ್ ಇದೆಯೇ ಎಂದು ತಿಳಿಯುವುದೂ ಅಗತ್ಯ. ಹಿಂದಿನ ಸಾಮಾನಿಡುವ ಜಾಗದಲ್ಲಿ ಸಬ್‌ವೂಫರ್ (ಆಳದ ಬೇಸಿಗೆಂದೇ ಇರುವ ಸ್ಪೀಕರ್) ಇದ್ದರೆ ನಿಮ್ಮದು ಪ್ರೀಮಿಯಂ ಸಿಸ್ಟಮ್. 2014ರವರೆಗೆ ಅದು ಇನ್ಫಿನಿಟಿಯ ಏಳು ಸ್ಪೀಕರ್, 368 ವ್ಯಾಟ್ ಸೆಟ್ ಆಗಿತ್ತು. 2015ರಿಂದ ಆಲ್ಪೈನ್‌ನ ಒಂಬತ್ತು ಸ್ಪೀಕರ್, 552 ವ್ಯಾಟ್ ಸೆಟ್ ಬಂತು. ಇಂಥ ಗಾಡಿಯಲ್ಲಿ ಹಳೆಯ ಸ್ಪೀಕರಿನ ಓಮ್ (ವಿದ್ಯುತ್ತಿಗೆ ಒಡ್ಡುವ ತಡೆ) ಅಳೆಯದೆ ಹೊಸದು ಕೊಳ್ಳಬೇಡಿ. ಸ್ಪೀಕರ್ ಬಿಚ್ಚಿ, ವೈರ್ ಕಳಚಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎರಡು ತುದಿಗೆ ಮುಟ್ಟಿಸಿ. 3.2ರಿಂದ 3.8ರೊಳಗೆ ತೋರಿಸಿದರೆ ಅದು 4 ಓಮ್ ಸ್ಪೀಕರ್, 2ಕ್ಕಿಂತ ಕಡಿಮೆ ತೋರಿಸಿದರೆ 2 ಓಮ್‌ನದು. 2 ಓಮ್ ಇದ್ದ ಕಡೆ 4 ಓಮ್ ಹಾಕಿದರೆ ಏನೂ ಸುಡುವುದಿಲ್ಲ, ಆದರೆ ಅದಕ್ಕೆ ಸಿಗುವ ಪವರ್ ಸುಮಾರು ಅರ್ಧಕ್ಕಿಳಿದು ಹಿಂಬದಿ ಸದ್ದು 3 ಡೆಸಿಬೆಲ್ ಕುಗ್ಗುತ್ತದೆ. ಉಲ್ಟಾ ಮಾಡಿದರೆ, ಅಂದರೆ 4 ಇದ್ದ ಕಡೆ 2 ಹಾಕಿದರೆ, ರೇಡಿಯೊದ ಔಟ್‌ಪುಟ್ ಐಸಿ (ಸ್ಪೀಕರಿಗೆ ಪವರ್ ಕೊಡುವ ಚಿಪ್) ಕಾದು ಪ್ರೊಟೆಕ್ಷನ್‌ಗೆ ಹೋಗುತ್ತದೆ (ತಾನೇ ಆರಿಕೊಳ್ಳುತ್ತದೆ) ಅಥವಾ ಸುಟ್ಟೇ ಹೋಗುತ್ತದೆ.

ಯಾವ ಸ್ಪೀಕರ್ ಕೊಳ್ಳಬೇಕು

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ 300 ವ್ಯಾಟ್, 350 ವ್ಯಾಟ್ ನೋಡಬೇಡಿ, ಅದು ಕ್ಷಣಮಾತ್ರದ ಪೀಕ್. ಆರ್‌ಎಂಎಸ್ (ಸತತವಾಗಿ ತಾಳುವ ಪವರ್) ಎಷ್ಟೆಂದು ನೋಡಿ. ಅದಕ್ಕಿಂತಲೂ ಮೊದಲು ಸೆನ್ಸಿಟಿವಿಟಿ (ಅಷ್ಟೇ ಪವರಿಗೆ ಎಷ್ಟು ಜೋರು ಎಂಬ ಡೆಸಿಬೆಲ್ ಅಂಕಿ) ನೋಡಿ. ಗಾಡಿಯ ರೇಡಿಯೊ ಒಂದು ಚಾನೆಲ್ಲಿಗೆ ನಿಜವಾಗಿ ಕೊಡುವುದು 20 ವ್ಯಾಟ್ ಆಸುಪಾಸು. ಅಷ್ಟರಲ್ಲಿ 88 ಡೆಸಿಬೆಲ್ ಸ್ಪೀಕರಿಗಿಂತ 92 ಡೆಸಿಬೆಲ್‌ನದು ಎಷ್ಟೋ ಜೋರಾಗಿ ಕೇಳುತ್ತದೆ. ಆ 4 ಡೆಸಿಬೆಲ್ ವ್ಯತ್ಯಾಸವನ್ನು ಆಂಪ್‌ನಿಂದ ತುಂಬಲು ಎರಡೂವರೆ ಪಟ್ಟು ಪವರ್ ಬೇಕು. ಆಂಪ್ ಹಾಕುವ ಯೋಚನೆ ಇಲ್ಲದವರು 91 ಡೆಸಿಬೆಲ್‌ಗಿಂತ ಕೆಳಗಿನದನ್ನು ಮುಟ್ಟದಿರುವುದೇ ವಾಸಿ.

ಕೋಏಕ್ಸಿಯಲ್ (ಟ್ವೀಟರ್, ಅಂದರೆ ಕೀಚು ಸದ್ದಿನ ಚಿಕ್ಕ ಸ್ಪೀಕರ್, ನಡುವಲ್ಲೇ ಇರುವುದು) ತೆಗೆದುಕೊಳ್ಳಿ, ಕಾಂಪೊನೆಂಟ್ ಸೆಟ್ (ಟ್ವೀಟರ್ ಬೇರೆಯಾಗಿ ಬರುವುದು) ಬೇಡ. ಸೌಂಡ್‌ಬಾರಿನಲ್ಲಿ ಪ್ರತ್ಯೇಕ ಟ್ವೀಟರಿಗೆ ಜಾಗವೂ ಇಲ್ಲ, ತಲೆಯ ಅಷ್ಟು ಹತ್ತಿರ ಅದರ ಅಗತ್ಯವೂ ಇಲ್ಲ.

ಕೋನ್ ಪಾಲಿಪ್ರೊಪಿಲೀನ್ ಆಗಿರಲಿ, ಅಂಚು ರಬ್ಬರ್ ಆಗಿರಲಿ. ಕಾಗದದ ಕೋನ್ ಮನೆಯಲ್ಲಿ ಚಂದ, ಸಕಲೇಶಪುರದ ಮಳೆಯಲ್ಲಿ ತೇವ ಹೀರಿ ಮೆತ್ತಗಾಗುತ್ತದೆ. ಫೋಮ್ ಅಂಚು ಬಿಸಿಲಿಗೆ ಪುಡಿಪುಡಿಯಾಗುತ್ತದೆ. ದುಬೈನಂಥ ಕಡೆ ಇರುವವರು, ಬಾಗಿಲು ಚಾವಣಿ ತೆಗೆದು ಸಮುದ್ರ ದಂಡೆಗೆ ಹೋಗುವವರು ದೋಣಿಗೆಂದೇ ಮಾಡುವ ಮರೀನ್ ಸ್ಪೀಕರ್ ಹಾಕುವುದು ಒಳ್ಳೆಯದು. ಉಪ್ಪಿನ ಮಂಜು ಮತ್ತು ಅಲ್ಟ್ರಾವಯಲೆಟ್ ಕಿರಣದ ಪರೀಕ್ಷೆ ದಾಟಿದ್ದೇ ಎಂದು ಡಬ್ಬಿಯಲ್ಲಿ ಓದಿಕೊಳ್ಳಿ. ಬರೀ ನೀರು ತಡೆಯುತ್ತದೆ ಎಂಬ ಬರಹ ಸಾಲದು.

ತೂಕವೂ ಲೆಕ್ಕಕ್ಕೆ ಬರುತ್ತದೆ. ಇದು ತಲೆಯ ಮೇಲೆ ತೂಗುವ ವಸ್ತು, ಕಲ್ಲುದಾರಿಯಲ್ಲಿ ಕುಲುಕುವ ವಸ್ತು. ಭಾರಿ ಫೆರೈಟ್ ಮ್ಯಾಗ್ನೆಟ್ ಇರುವ ಸ್ಪೀಕರ್ ಪ್ಲಾಸ್ಟಿಕ್ಕಿನ ಸ್ಕ್ರೂ ತೂತನ್ನು ನಿಧಾನಕ್ಕೆ ಅಗಲ ಮಾಡುತ್ತದೆ. ನಿಯೋಡಿಮಿಯಂ ಮ್ಯಾಗ್ನೆಟ್‌ನದು ಹಗುರ, ಆಳವೂ ಕಡಿಮೆ.

ಹಿಟ್ಟಿನ ಪರೀಕ್ಷೆ

ಆರೂವರೆ ಇಂಚು ಎಂದು ಬರೆದ ಸ್ಪೀಕರ್‌ಗಳೆಲ್ಲ ಒಂದೇ ಅಳತೆಯಲ್ಲ. ಕೂರುವ ತೂತು ಒಂದಕ್ಕೆ 127 ಮಿಲಿಮೀಟರ್ ಬೇಕಾದರೆ ಇನ್ನೊಂದಕ್ಕೆ 140 ಬೇಕು. ಆಳ 50ರಿಂದ 65ರವರೆಗೂ ಏರುಪೇರು. ಟ್ವೀಟರ್ ಮುಂದಕ್ಕೆ ಎಷ್ಟು ಚಾಚಿದೆ ಎಂಬುದನ್ನು ಬಹಳ ಮಂದಿ ನೋಡುವುದೇ ಇಲ್ಲ. ಕೊನೆಗೆ ಜಾಲರಿ ಮುಚ್ಚಲು ಹೋದಾಗ ಟ್ವೀಟರ್ ಅದಕ್ಕೆ ಅಂಟಿಕೊಂಡು ನಿಂತಿರುತ್ತದೆ.

ಸ್ಕೇಲಿನಿಂದ ಇದನ್ನು ಸರಿಯಾಗಿ ಅಳೆಯಲಾಗದು. ಚಪಾತಿ ಹಿಟ್ಟು ಸಾಕು. ಗಟ್ಟಿಯಾಗಿ ಕಲಸಿದ ಹಿಟ್ಟಿನಿಂದ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಹೊಸ ಸ್ಪೀಕರಿನ ಮ್ಯಾಗ್ನೆಟ್ ಹಿಂದೆ ಟೇಪಿನಿಂದ ಅಂಟಿಸಿ. ಕಡಲೆ ಗಾತ್ರದ ಇನ್ನೊಂದು ಉಂಡೆಯನ್ನು ಟ್ವೀಟರಿನ ಲೋಹದ ಅಂಚಿನ ಮೇಲಿಡಿ, ನಡುವಿನ ಗುಮ್ಮಟಕ್ಕೆ ತಾಗದಂತೆ. ಸ್ಪೀಕರನ್ನು ಗೂಡಿನಲ್ಲಿ ಅದರ ಜಾಗಕ್ಕೆ ಒತ್ತಿ, ಜಾಲರಿಯನ್ನೂ ಒಂದು ಸಲ ಕೂರಿಸಿ ತೆಗೆಯಿರಿ. ಉಂಡೆ ಚಪ್ಪಟೆಯಾಗಿ ಉಳಿದ ದಪ್ಪವೇ ನಿಮಗಿರುವ ಅಂತರ. ಮ್ಯಾಗ್ನೆಟ್ ಹಿಂದೆ 6 ಮಿಲಿಮೀಟರ್, ಟ್ವೀಟರ್ ಮುಂದೆ 3 ಮಿಲಿಮೀಟರ್ ಉಳಿದರೆ ನಿಶ್ಚಿಂತೆ. ಮ್ಯಾಗ್ನೆಟ್ ಹಿಂಭಾಗದಲ್ಲಿ ಗಾಳಿ ಆಡುವ ತೂತಿದ್ದರೆ ಅಲ್ಲಿ 10 ಆದರೂ ಬಿಡಿ, ಇಲ್ಲದಿದ್ದರೆ ಕಾಯಿಲ್ ಕಾಯುತ್ತದೆ. ಹಿಂದೆ ಜಾಗ ಸಾಲದೆ ಮುಂದೆ ಉಳಿದಿದ್ದರೆ ರಿಂಗ್ ಹಾಕಿ ಮುಂದಕ್ಕೆ ತರಬಹುದು. ಎರಡೂ ಕಡೆ ಸಾಲದಿದ್ದರೆ ಆ ಸ್ಪೀಕರ್ ವಾಪಸ್ ಕೊಡಿ. ಪ್ಲಾಸ್ಟಿಕ್ ಕೊರೆದು ಕೂರಿಸುವ ಹಟ ಬೇಡ, ಗೂಡಿನ ಬೆನ್ನು ತೂತಾದರೆ ಸೀಲ್ ಮಾಡುವ ಶ್ರಮವೆಲ್ಲ ವ್ಯರ್ಥ.

ಬೇಕಾಗುವ ಸಾಮಾನು

ನಕ್ಷತ್ರ ತಲೆಯ ಟಾರ್ಕ್ಸ್ ಬಿಟ್ ಸೆಟ್, ಟಿ-15ರಿಂದ ಟಿ-40ರವರೆಗೆ. ಫಿಲಿಪ್ಸ್ ಸ್ಕ್ರೂಡ್ರೈವರ್, ಬ್ಯಾಟರಿ ಟರ್ಮಿನಲ್ಲಿಗೆ ಸ್ಪ್ಯಾನರ್, ಪ್ಲಾಸ್ಟಿಕ್ ಟ್ರಿಮ್ ಟೂಲ್, ಮಲ್ಟಿಮೀಟರ್, ಒಂದು ಪೆನ್ಸಿಲ್ ಸೆಲ್, ಕ್ರಿಂಪಿಂಗ್ ಪ್ಲೈಯರ್ (ವೈರ್ ಕೂಡಿಸುವ ಲೋಹದ ತುದಿಯನ್ನು ಅದುಮುವ ಇಕ್ಕಳ), ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ವೈರ್ ಬಿಗಿಯುವ ಕೊಳವೆ). ಅಂಟಿರುವ ಫೋಮ್ ಪಟ್ಟಿ 10 ಮಿಲಿಮೀಟರ್ ಅಗಲದ್ದು ಎರಡು ಮೀಟರ್. ಅರ್ಧ ಚದರ ಮೀಟರ್ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ (ಅದುರು ತಗ್ಗಿಸುವ, ರಬ್ಬರಿನಂಥ ಅಂಟು ಹಾಳೆ). ದಿಂಬಿಗೆ ತುಂಬುವ ಪಾಲಿಯೆಸ್ಟರ್ ಫೈಬರ್ 200 ಗ್ರಾಂ. ಸ್ಟೇನ್‌ಲೆಸ್ ಸ್ಕ್ರೂ ಎಂಟು, ಯು ಕ್ಲಿಪ್ (ಅಂಚಿಗೆ ಸಿಕ್ಕಿಸಿ ಸ್ಕ್ರೂ ಹಿಡಿಸುವ ತಗಡು ಕ್ಲಿಪ್) ಎಂಟು. ಕ್ರೈಸ್ಲರ್ ಗಾಡಿಗಳಿಗೆಂದು ಸಿಗುವ ಸ್ಪೀಕರ್ ಕನೆಕ್ಟರ್ ಜೋಡಿ ಒಂದು. ಬೆಂಗಳೂರಿನಲ್ಲಾದರೆ ಕಾರಿನ ಸಾಮಾನು ಜೆಸಿ ರೋಡಿನಲ್ಲೂ ಎಲೆಕ್ಟ್ರಾನಿಕ್ಸ್ ಸಾಮಾನು ಎಸ್‌ಪಿ ರೋಡಿನಲ್ಲೂ ಸಿಗುತ್ತದೆ.

ಶೀಟ್ ಬ್ಯೂಟೈಲೇ ಆಗಿರಬೇಕು. ಅಗ್ಗಕ್ಕೆ ಸಿಗುವ ಡಾಂಬರಿನ ಶೀಟ್ ಬಿಸಿಲಲ್ಲಿ ಕರಗಿ ಜಾರುತ್ತದೆ. ಅದೂ ತಲೆಯ ಮೇಲಿನ ಜಾಗದಲ್ಲಿ.

ಬಿಚ್ಚುವ ಕೆಲಸ

1. ಇಗ್ನಿಷನ್ ಆರಿಸಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ, ಹತ್ತು ನಿಮಿಷ ಬಿಡಿ. ರೇಡಿಯೊಗೆ ಸೆಕ್ಯುರಿಟಿ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ.

2. ಸಾಧ್ಯವಾದರೆ ಮುಂದಿನ ಎರಡು ಫ್ರೀಡಂ ಪ್ಯಾನೆಲ್ (ಮುಂದಿನ ಸೀಟಿನ ಮೇಲಿನ, ಕಳಚಬಹುದಾದ ಗಟ್ಟಿ ಚಾವಣಿ ತುಂಡು) ತೆಗೆದಿಡಿ. ಕೈಗೆ ಜಾಗ, ಕಣ್ಣಿಗೆ ಬೆಳಕು ಎರಡೂ ಸಿಗುತ್ತದೆ. ಚಳಿಯ ಬೆಳಗಿನಲ್ಲಿ ಈ ಕೆಲಸ ಬೇಡ. ತಣ್ಣಗಿರುವ ಪ್ಲಾಸ್ಟಿಕ್ ಲಟಕ್ಕೆಂದು ಮುರಿಯುತ್ತದೆ. ಗಾಡಿಯನ್ನು ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿ ಶುರುಮಾಡಿ.

3. ಜಾಲರಿಯ ಅಂಚಿಗೆ ಟ್ರಿಮ್ ಟೂಲ್ ತೂರಿಸಿ ಸುತ್ತಲೂ ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ಒಂದೇ ಕಡೆ ಮೀಟಿದರೆ ಹಿಂಬದಿಯ ಹಿಡಿ ಮುರಿಯುತ್ತದೆ, ಆಮೇಲೆ ಜಾಲರಿ ಆಯುಷ್ಯವಿಡೀ ಅದುರುತ್ತಿರುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್ ಬಳಸಲೇಬೇಡಿ.

4. ಸ್ಕ್ರೂಗಳನ್ನು ಬಿಚ್ಚಿ. ಬಿಟ್ ಪೂರ್ತಿ ಒಳಗೆ ಕೂತಿದೆಯೇ ನೋಡಿಯೇ ತಿರುಗಿಸಿ. ದೂಳು ತುಂಬಿದ್ದರೆ ಗುಂಡುಸೂಜಿಯಿಂದ ಕೆರೆದು ತೆಗೆಯಿರಿ, ಇಲ್ಲದಿದ್ದರೆ ತಲೆ ಸವೆದು ಜಾರುತ್ತದೆ. ಕೊನೆಯ ಸ್ಕ್ರೂ ತೆಗೆಯುವಾಗ ಇನ್ನೊಂದು ಕೈ ಸ್ಪೀಕರಿನ ಕೆಳಗಿರಲಿ.

5. ಕನೆಕ್ಟರಿನ ಲಾಕ್ ಒತ್ತಿ ಕಳಚಿ. ವೈರ್ ಹಿಡಿದು ಎಳೆಯಬೇಡಿ. ಯಾವ ಬಣ್ಣದ ವೈರ್ ಯಾವ ಕಡೆಗಿತ್ತು ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಎಡ ಬಲ ಎರಡರದ್ದೂ.

ಹಳೆಯ ಸ್ಪೀಕರಿನಲ್ಲಿ ಪಾಸಿಟಿವ್ ಯಾವುದೆಂಬ ಗುರುತು ಅಳಿಸಿದ್ದರೆ ಪೆನ್ಸಿಲ್ ಸೆಲ್ ಸಾಕು. ಸೆಲ್ಲಿನ ಎರಡು ತುದಿಯನ್ನು ಸ್ಪೀಕರಿನ ಎರಡು ಪಿನ್ನಿಗೆ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ತಾಗಿದ ಪಿನ್ನೇ ಪಾಸಿಟಿವ್. ಕನೆಕ್ಟರ್ ಕಳಚಿದ ಮೇಲೆ, ಸ್ಪೀಕರಿಗೇ ನೇರವಾಗಿ ಈ ಪರೀಕ್ಷೆ ಮಾಡಿ. ಗಾಡಿಯ ವೈರಿಗೆ ಸೆಲ್ ಮುಟ್ಟಿಸಿದರೆ ರೇಡಿಯೊಗೆ ಪೆಟ್ಟು.

ಗೂಡು ಕಟ್ಟುವುದು

ಕೆಲಸದ ಅರ್ಧ ಸಮಯ ಇಲ್ಲಿಗೇ ಮೀಸಲಿಡಿ. ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳುವಷ್ಟೇ ಗಾಳಿಯನ್ನು ಹಿಂದಕ್ಕೂ ತಳ್ಳುತ್ತದೆ. ಹಿಂದಿನ ಗಾಳಿ ಸಂದಿಯಿಂದ ತಪ್ಪಿಸಿಕೊಂಡು ಮುಂದೆ ಬಂದರೆ ಎರಡೂ ಒಂದನ್ನೊಂದು ರದ್ದು ಮಾಡುತ್ತವೆ. ಮೊದಲು ಮಾಯವಾಗುವುದು ಮೃದಂಗದ ಎಡಗೈ, ಬೇಸ್ ಗಿಟಾರು, ಗಂಡಸರ ದನಿಯ ತುಂಬು.

ಒಳಗಿನ ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಇನ್ನೊಮ್ಮೆ ಒರೆಸಿ. ಜಿಡ್ಡು ಉಳಿದರೆ ಬ್ಯೂಟೈಲ್ ಹಿಡಿಯುವುದಿಲ್ಲ. ಶೀಟನ್ನು ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿ, ಅಗಲವಾದ ಗೋಡೆಗಳಿಗೆ ಅಂಟಿಸಿ, ಬೆರಳಿನ ಗೆಣ್ಣಿನಿಂದಲೋ ಚಿಕ್ಕ ರೋಲರಿನಿಂದಲೋ ಗಟ್ಟಿಯಾಗಿ ಒತ್ತಿ. ಪೂರ್ತಿ ಮುಚ್ಚಬೇಕಿಲ್ಲ, ಕಾಲುಭಾಗ ಮುಚ್ಚಿದರೂ ಅದುರುವಿಕೆ ಬಹಳ ಇಳಿಯುತ್ತದೆ. ಬೆರಳಿನಿಂದ ತಟ್ಟಿ ನೋಡಿ: ಮೊದಲು ಖಾಲಿ ಡಬ್ಬಿಯಂತೆ ಟಂಗ್ ಎನ್ನುತ್ತಿದ್ದ ಪ್ಲಾಸ್ಟಿಕ್ ಈಗ ಮರದ ಹಲಗೆಯಂತೆ ದಪ್ ಎನ್ನಬೇಕು.

ವೈರ್ ತೂರಿಬರುವ ತೂತು, ಪ್ಲಾಸ್ಟಿಕ್ ಜೋಡಣೆಯ ಸಂದಿ, ಖಾಲಿ ಸ್ಕ್ರೂ ತೂತು ಎಲ್ಲವನ್ನೂ ಬ್ಯೂಟೈಲ್ ತುಂಡಿನಿಂದ ಮುಚ್ಚಿ. ತಳದಲ್ಲಿ ನೀರು ಇಳಿಯಲು ಬಿಟ್ಟ ಸಣ್ಣ ತೂತೇನಾದರೂ ಕಂಡರೆ ಅದನ್ನು ಮಾತ್ರ ಹಾಗೇ ಬಿಡಿ. ಆಮೇಲೆ ಒಂದೊಂದು ಗೂಡಿಗೂ ಒಂದು ಹಿಡಿ ಪಾಲಿಯೆಸ್ಟರ್ ಫೈಬರನ್ನು ಹಿಂಜಿ ಸಡಿಲವಾಗಿ ತುಂಬಿ. ಒತ್ತಿ ತುರುಕಿದರೆ ಗೂಡು ಇನ್ನಷ್ಟು ಚಿಕ್ಕದಾಗುತ್ತದೆ. ಹಾಸಿಗೆಯ ಹತ್ತಿ ಬೇಡವೇ ಬೇಡ, ತೇವ ಹೀರಿ ಬೂಸಲು ಹಿಡಿಯುತ್ತದೆ. ಮ್ಯಾಗ್ನೆಟ್ ತೂತಿಗೆ ಫೈಬರ್ ಸಿಲುಕದಂತೆ ನೋಡಿಕೊಳ್ಳಿ.

ಹೊಸ ಸ್ಪೀಕರಿನ ಸ್ಕ್ರೂ ತೂತುಗಳು ಗೂಡಿನ ತೂತಿಗೆ ಹೊಂದದಿದ್ದರೆ ನಡುವೆ ರಿಂಗ್ ಬೇಕು. 6 ಮಿಲಿಮೀಟರ್ ದಪ್ಪದ ಎಚ್‌ಡಿಪಿಇ ಅಥವಾ ಗಟ್ಟಿ ಪಿವಿಸಿ ಹಾಳೆಯಲ್ಲಿ ಕತ್ತರಿಸಿ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಸುಲಭಕ್ಕೆ ಸಿಗುತ್ತದೆ, ಆದರೆ ಒಂದು ಮಳೆಗಾಲಕ್ಕೇ ಊದಿಕೊಂಡು ಸ್ಕ್ರೂ ಸಡಿಲವಾಗುತ್ತದೆ. ಗೂಡಿಗೂ ರಿಂಗಿಗೂ ನಡುವೆ ಒಂದು, ರಿಂಗಿಗೂ ಸ್ಪೀಕರಿಗೂ ನಡುವೆ ಇನ್ನೊಂದು, ಹೀಗೆ ಎರಡು ಸುತ್ತು ಫೋಮ್ ಪಟ್ಟಿ ಹಾಕಿ. ಪಟ್ಟಿಯ ಎರಡು ತುದಿಗಳು ಒಂದರ ಮೇಲೊಂದು ಏರದೆ ಸರಿಯಾಗಿ ಮುಖಾಮುಖಿ ಕೂಡಲಿ.

ಸ್ಕ್ರೂಗಳನ್ನು ಕೈಯಿಂದಲೇ ಬಿಗಿಯಿರಿ, ಎದುರುಬದುರಾಗಿ. ಫೋಮ್ ಅರ್ಧದಷ್ಟು ಅದುಮಿದಾಗ ನಿಲ್ಲಿಸಿ. ಡ್ರಿಲ್ ಮೆಷಿನ್ನಿಗೆ ಬಿಟ್ ಹಾಕಿ ಬಿಗಿದರೆ ಪ್ಲಾಸ್ಟಿಕ್ಕಿನ ಮರೆ (ಸ್ಕ್ರೂ ಕಚ್ಚುವ ಸುರುಳಿ ಗೆರೆ) ಹರಿಯುತ್ತದೆ, ಇಲ್ಲವೇ ಸ್ಪೀಕರಿನ ತಗಡು ಚೌಕಟ್ಟು ಸೊಟ್ಟಗಾಗಿ ಕಾಯಿಲ್ ಉಜ್ಜುತ್ತದೆ. ಹೊಸ ಸ್ಪೀಕರ್ ಮೊದಲ ದಿನವೇ ಗೊರಗೊರ ಎಂದರೆ ಬಹುಪಾಲು ಕಾರಣ ಇದೇ.

ವೈರಿಂಗ್

ಗಾಡಿಯ ಮೂಲ ವೈರನ್ನು ಕತ್ತರಿಸಬೇಡಿ, ಕನೆಕ್ಟರ್ ಜೋಡಿ ಬಳಸಿ. ಮುಂದೆ ಗಾಡಿ ಮಾರುವಾಗ ಹಳೆಯ ಸ್ಪೀಕರ್ ಹಾಗೇ ಕೂರಿಸಿ ಕೊಡಬಹುದು. ಕನೆಕ್ಟರ್ ಸಿಗದೇ ಹೋದರೆ ಕ್ರಿಂಪ್ ಮಾಡಿ ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಬರೀ ಹೆಣೆದು ಇನ್ಸುಲೇಷನ್ ಟೇಪ್ ಸುತ್ತಿದ್ದು ಈ ಬಿಸಿಲಿಗೆ ಆರು ತಿಂಗಳಲ್ಲಿ ಜಾರಿ ಬಿಚ್ಚುತ್ತದೆ. ಸ್ಪೀಕರಿಗೆ ಮುಟ್ಟುವ ಮೊದಲು ವೈರ್ ಕೆಳಕ್ಕೆ ಜೋತು ಮತ್ತೆ ಮೇಲೇರುವಂತೆ ಒಂದು ಬಳಸು ಬಿಡಿ. ವೈರಿನ ಗುಂಟ ಹರಿದುಬಂದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಪಿನ್ನಿಗೆ ಏರುವುದಿಲ್ಲ.

ಸ್ಪೀಕರಿನ ನೆಗೆಟಿವ್ ವೈರನ್ನು ಬಾಡಿಗೆ ಅರ್ಥ್ ಮಾಡಬೇಡಿ. ಈಗಿನ ರೇಡಿಯೊಗಳಲ್ಲಿ ಸ್ಪೀಕರಿನ ಎರಡು ವೈರಿನಲ್ಲೂ ವೋಲ್ಟೇಜ್ ಇರುತ್ತದೆ. ಒಂದನ್ನು ಬಾಡಿಗೆ ಮುಟ್ಟಿಸಿದರೆ ಔಟ್‌ಪುಟ್ ಐಸಿ ಹೋಗುತ್ತದೆ.

ಆಂಪ್ ಇಲ್ಲದೆ ರೇಡಿಯೊದಿಂದಲೇ ನಡೆಸುವವರು ಒಂದೊಂದು ಸ್ಪೀಕರಿನ ಪಾಸಿಟಿವ್ ವೈರಿಗೂ ಸಾಲಾಗಿ (ಸೀರೀಸ್‌ನಲ್ಲಿ) 330 ಮೈಕ್ರೋಫ್ಯಾರಡ್, 50 ವೋಲ್ಟಿನ ನಾನ್ ಪೋಲಾರ್ ಕೆಪಾಸಿಟರ್ ಹಾಕಬಹುದು. 4 ಓಮ್ ಸ್ಪೀಕರಿಗೆ ಅದು 120 ಹರ್ಟ್ಸ್‌ಗಿಂತ ಕೆಳಗಿನ ಆಳದ ಸದ್ದನ್ನು ತಗ್ಗಿಸುತ್ತದೆ. 470 ಹಾಕಿದರೆ ಮಿತಿ 85 ಹರ್ಟ್ಸ್‌ಗೆ ಇಳಿಯುತ್ತದೆ. ಅಷ್ಟು ಚಿಕ್ಕ ಗೂಡಿನಿಂದ ಆಳದ ಬೇಸ್ ಹೇಗೂ ಬರುವುದಿಲ್ಲ, ಕೋನ್ ಸುಮ್ಮನೆ ಒದ್ದಾಡುತ್ತದೆ. ಆ ಹೊರೆ ತೆಗೆದರೆ ಅದೇ 20 ವ್ಯಾಟಿನಲ್ಲಿ ಇನ್ನೂ ಜೋರಾಗಿ, ಒಡೆಯದೆ ಹಾಡುತ್ತದೆ.

ಆಂಪ್ ಸೇರಿಸುವುದಾದರೆ

ಹೆದ್ದಾರಿಯಲ್ಲಿ ಚಾವಣಿ ತೆಗೆದು ಓಡಿಸುವವರಿಗೆ ಆಂಪ್ ಬೇಕೇ ಬೇಕು, ಗಾಳಿಯ ಸದ್ದನ್ನು 20 ವ್ಯಾಟ್ ಗೆಲ್ಲದು. ಎರಡು ಚಾನೆಲ್, ಒಂದೊಂದಕ್ಕೆ 50 ವ್ಯಾಟ್ ಆರ್‌ಎಂಎಸ್, ಕ್ಲಾಸ್ ಡಿ (ಕಡಿಮೆ ಕರೆಂಟ್ ಎಳೆಯುವ ಬಗೆ), ಸ್ಪೀಕರ್ ವೈರನ್ನೇ ಇನ್‌ಪುಟ್ ಆಗಿ ತೆಗೆದುಕೊಳ್ಳುವಂಥದ್ದು ಸಾಕು. ಪೂರ್ತಿ ಜೋರಿನಲ್ಲಿ ಅದು ಎಳೆಯುವುದು 9ರಿಂದ 10 ಆಂಪಿಯರ್. ಬ್ಯಾಟರಿಯಿಂದ 6 ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ವೈರ್ ಎಳೆಯಿರಿ. ತಾಮ್ರದ ಬಣ್ಣದ ಅಲ್ಯುಮಿನಿಯಂ ವೈರ್ ಬಹಳ ಮಾರಾಟದಲ್ಲಿದೆ. ತುದಿಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಬೇಡ. ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ 15 ಆಂಪಿಯರ್ ಫ್ಯೂಸ್ ಇರಲೇಬೇಕು. ಈ ಫ್ಯೂಸ್ ಆಂಪ್ ಕಾಪಾಡುವುದಕ್ಕಲ್ಲ. ತಗಡಿಗೆ ಉಜ್ಜಿ ವೈರ್ ಶಾರ್ಟ್ ಆದರೆ ಗಾಡಿಗೆ ಬೆಂಕಿ ಹತ್ತದಿರಲಿ ಎಂದು.

ಅರ್ಥ್ ವೈರ್ ಅರ್ಧ ಮೀಟರಿಗಿಂತ ಚಿಕ್ಕದಾಗಿರಲಿ, ಬಣ್ಣ ಕೆರೆದ ಬರಿ ಲೋಹಕ್ಕೆ ಬಿಗಿದು ಮೇಲೆ ಗ್ರೀಸ್ ಸವರಿ. ಸ್ಪೀಕರಿಗೆ ಹೋಗುವ ವೈರ್ ಒಂದೂವರೆ ಚದರ ಮಿಲಿಮೀಟರ್ ಸಾಕು. ಆಂಪನ್ನು ನೆಲದ ಮೇಲಿಡಬೇಡಿ. ಈ ಗಾಡಿಯ ನೆಲಕ್ಕೆ ನೀರು ಬಂದೇ ಬರುತ್ತದೆ.

ಗೇನ್ (ಆಂಪ್ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕೆಂಬ ತಿರುಪು) ಹೊಂದಿಸುವಾಗ ಸ್ಪೀಕರ್ ಕಳಚಿ, ಟೋನ್ ಎಲ್ಲ ನಡುವಿಗಿಟ್ಟು, ರೇಡಿಯೊ ವಾಲ್ಯೂಮ್ ಮುಕ್ಕಾಲಿಗೆ ಏರಿಸಿ, 400 ಹರ್ಟ್ಸ್ ಟೆಸ್ಟ್ ಟೋನ್ ಹಾಕಿ. ಅಗ್ಗದ ಮಲ್ಟಿಮೀಟರುಗಳು ಅದಕ್ಕಿಂತ ಮೇಲಿನದನ್ನು ತಪ್ಪಾಗಿ ತೋರಿಸುತ್ತವೆ. ಮೀಟರನ್ನು ಎಸಿ ವೋಲ್ಟಿಗಿಟ್ಟು ಆಂಪಿನ ಔಟ್‌ಪುಟ್ ನೋಡುತ್ತಾ ಗೇನ್ ತಿರುಗಿಸಿ. 4 ಓಮ್‌ಗೆ 45 ವ್ಯಾಟ್ ಬೇಕೆಂದರೆ 13.4 ವೋಲ್ಟಿನಲ್ಲಿ ನಿಲ್ಲಿಸಿ. ಹೈ ಪಾಸ್ ಫಿಲ್ಟರ್ (ಮಿತಿಗಿಂತ ಕೆಳಗಿನ ಆಳದ ಸದ್ದು ತಗ್ಗಿಸುವುದು) 100 ಹರ್ಟ್ಸ್‌ನಲ್ಲಿಡಿ, ಬೇಸ್ ಬೂಸ್ಟ್ ಸೊನ್ನೆಯಲ್ಲಿಡಿ.

ಕೇಳಿ ನೋಡುವುದು

ಜಾಲರಿ ಮುಚ್ಚುವ ಮೊದಲೇ ಬ್ಯಾಟರಿ ಜೋಡಿಸಿ ಕೇಳಿ. ಹಿಂಬದಿಗೆ ಫೇಡ್ ಮಾಡಿದಾಗ ದನಿ ಎರಡು ಸ್ಪೀಕರಿನ ನಡುವೆ ಗಟ್ಟಿಯಾಗಿ ನಿಲ್ಲಬೇಕು. ದನಿ ಎಲ್ಲೂ ನಿಲ್ಲದೆ ಚದುರಿ, ಬೇಸ್ ಕಾಣೆಯಾದರೆ ಒಂದು ಬದಿಯ ಪ್ಲಸ್ ಮೈನಸ್ ಅದಲುಬದಲಾಗಿದೆ. ಒಂದು ಕಡೆಯದ್ದನ್ನು ತಿರುಗಿಸಿ ಮತ್ತೆ ಕೇಳಿ. ಆಮೇಲೆ 60ರಿಂದ 300 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರುವ ಟೋನ್ ಹಾಕಿ, ಸೌಂಡ್‌ಬಾರಿನ ಮೇಲೆ ಅಂಗೈ ಒತ್ತುತ್ತಾ ಹೋಗಿ. ಎಲ್ಲಿ ಒತ್ತಿದಾಗ ಅದುರು ನಿಲ್ಲುತ್ತದೋ ಅಲ್ಲಿ ಬ್ಯೂಟೈಲ್ ಬೇಕು. ನಡುವಿನ ದೀಪದ ಮುಚ್ಚಳವನ್ನೂ ಒತ್ತಿ ನೋಡಲು ಮರೆಯಬೇಡಿ, ಎಷ್ಟೋ ಸಲ ಅದುರುವುದು ಅದೇ.

ಎಂಜಿನ್ ಜೊತೆ ಏರಿಳಿಯುವ ಕುಂಯ್ ಸದ್ದು ಬಂದರೆ ಅರ್ಥ್ ಬಿಚ್ಚಿ ಮತ್ತೆ ಕೆರೆದು ಬಿಗಿಯಿರಿ. ಆಂಪ್ ವಾಲ್ಯೂಮ್ ಏರಿಸಿದಾಗ ಮಾತ್ರ ನಿಂತುಹೋದರೆ ಸ್ಪೀಕರ್ ವೈರ್ ಎಲ್ಲೋ ಚೌಕಟ್ಟಿಗೆ ತಾಗುತ್ತಿರಬಹುದು. ಎಲ್ಲ ಸರಿಯಿದ್ದೂ ಸದ್ದು ತಲೆಯ ಹಿಂದಿನಿಂದಲೇ ಬರುತ್ತಿದೆ ಎನಿಸಿದರೆ ಫೇಡರನ್ನು ಒಂದೆರಡು ಮೆಟ್ಟಿಲು ಮುಂದಕ್ಕೆ ತನ್ನಿ. ಚಾವಣಿ ತೆಗೆದ ದಿನ ಅದನ್ನೇ ಮತ್ತೆ ನಡುವಿಗೆ ತಂದರಾಯಿತು.

500 ಕಿಲೋಮೀಟರ್ ಓಡಿದ ಮೇಲೆ ಜಾಲರಿ ತೆಗೆದು ಸ್ಕ್ರೂಗಳನ್ನು ಒಮ್ಮೆ ಮುಟ್ಟಿ ನೋಡಿ, ಫೋಮ್ ಕೂತು ಕಾಲು ಸುತ್ತು ಸಡಿಲವಾಗಿರುತ್ತದೆ. ಮೊದಲ ಜೋರು ಮಳೆಯ ಮರುದಿನ ಫ್ರೀಡಂ ಪ್ಯಾನೆಲ್‌ಗಳು ಹಿಂದಿನ ಚಾವಣಿಗೆ ಕೂಡುವ ರಬ್ಬರಿನ ಕೆಳಗೆ, ಸೌಂಡ್‌ಬಾರಿನ ಮೇಲ್ಭಾಗದಲ್ಲಿ ಬೆರಳಾಡಿಸಿ. ಬೆರಳು ಒದ್ದೆಯಾದರೆ ಆ ರಬ್ಬರಿಗೆ ಸಿಲಿಕೋನ್ ಗ್ರೀಸ್ ಸವರಿ ನೋಡಿ. ಬಿರುಕು ಬಿಟ್ಟಿದ್ದರೆ ಸ್ಪೀಕರ್ ನೆನೆಯುವ ಮೊದಲು ರಬ್ಬರನ್ನೇ ಬದಲಿಸಿ.